ಹೊಸ ಟರ್ಬೋ ಹಾಕ್ಸೋ ಮೊದ್ಲು ಹಳೇದು ಯಾಕೆ ಹೋಯ್ತು ನೋಡಿ

ಕಳೆದ ಮಳೆಗಾಲದಲ್ಲಿ ಹೆಬ್ರಿ ಕಡೆಯ ಒಬ್ರು ಮಾಸ್ಟ್ರು ಗಾಡಿ ಟೋ ಮಾಡಿಸ್ಕೊಂಡು ನಮ್ಮ ಗ್ಯಾರೇಜಿಗೆ ಬಂದ್ರು. ಡೀಸೆಲ್ ಕಾರು, ಟರ್ಬೋ ಹೋಗಿದೆ. "ಮೂರು ತಿಂಗಳಲ್ಲಿ ಇದು ಎರಡನೇದು ಮಾರಾಯ್ರೆ, ಡೂಪ್ಲಿಕೇಟ್ ಎಂತ ಅಲ್ಲ, ಹೊಸ ಪೀಸೇ ಹಾಕ್ಸಿದ್ದು" ಅಂತ ಬಿಲ್ ತೆಗ್ದು ತೋರಿಸಿದ್ರು. ಬಿಲ್ ಸರಿ ಇತ್ತು, ಪೀಸೂ ಒರಿಜಿನಲ್ಲೇ. ನಾನು ಟರ್ಬೋಗೆ ಆಯಿಲ್ ತರುವ ಸಣ್ಣ ಪೈಪ್ ಬಿಚ್ಚಿ ಒಂದು ತುದಿಯಿಂದ ಬಾಯಿಟ್ಟು ಊದಿದೆ. ಗಾಳಿ ಆಚೆ ಹೋಗ್ಲೇ ಇಲ್ಲ. ಆಮೇಲೆ ಅದರೊಳಗೆ ಸ್ಕೂಟರಿನ ಕ್ಲಚ್ ಕೇಬಲ್ ತೂರಿಸಿ ಎಳೆದ್ರೆ ಡಾಂಬರಿನ ಹಾಗೆ ಗಟ್ಟಿ ಕರಿ ಚೂರು ಚೂರಾಗಿ ಬಿತ್ತು. ಎರಡೂ ಟರ್ಬೋ ಕೊಂದದ್ದು ಆ ಪೈಪು, ಮೊದ್ಲು ಬದಲಿಸಿದವರು ಅದನ್ನು ಬಿಚ್ಚಿಯೂ ನೋಡಿರ್ಲಿಲ್ಲ.

ಉಡುಪಿಯಲ್ಲಿ ಡೀಸೆಲ್ ಗಾಡಿ ಕೆಲಸ ಮಾಡ್ಲಿಕ್ಕೆ ಶುರು ಮಾಡಿ ನನಗೆ 18 ವರ್ಷ ಆಯ್ತು, ಇದೇ ಕತೆ ಮತ್ತೆ ಮತ್ತೆ ಬರ್ತಾ ಉಂಟು, ಜನ ಕಷ್ಟಪಟ್ಟು ದುಡಿದ ದುಡ್ಡು ಹೀಗೆ ಎರಡೆರಡು ಸಲ ಹೋಗುದು ನೋಡಿದ್ರೆ ಹೊಟ್ಟೆ ಉರಿಯುತ್ತೆ, ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೀತಾ ಇದ್ದೇನೆ.

ಟರ್ಬೋ ಅಂದ್ರೆ ಎಂತ ಅಂತ ಎರಡು ಮಾತಲ್ಲಿ ಹೇಳ್ತೇನೆ. ಇಂಜಿನ್ನಿಂದ ಹೊರಗೆ ಹೋಗುವ ಬಿಸಿ ಹೊಗೆ ಒಂದು ಸಣ್ಣ ಚಕ್ರ ತಿರುಗಿಸ್ತದೆ, ಅದೇ ಶಾಫ್ಟಿನ ಆಚೆ ತುದಿಯ ಚಕ್ರ ಗಾಳಿಯನ್ನು ಒತ್ತಿ ಇಂಜಿನ್ ಒಳಗೆ ತುಂಬಿಸ್ತದೆ, ಗಾಳಿ ಜಾಸ್ತಿ ಆದ್ರೆ ಡೀಸೆಲ್ ಚೆನ್ನಾಗಿ ಉರೀತದೆ, ಪವರ್ ಬರ್ತದೆ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಮಾಡಿಸಿದ್ರು. ನಮ್ಮ ಸಣ್ಣ ಕಾರುಗಳಲ್ಲಿ ಆ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ, ಎರಡು ಲಕ್ಷ ಸುತ್ತು ತಿರುಗ್ತದೆ. ಇಷ್ಟು ಸ್ಪೀಡಲ್ಲಿ ತಿರುಗುವ ಶಾಫ್ಟಿಗೆ ಆಧಾರ ಎಂತ ಗೊತ್ತುಂಟಾ? ಹೆಚ್ಚಿನ ಟರ್ಬೋಗಳಲ್ಲಿ ಬಾಲ್ ಬೇರಿಂಗ್ ಕೂಡ ಇಲ್ಲ, ಕಣ್ಣಿಗೆ ಕಾಣದಷ್ಟು ತೆಳು ಆಯಿಲ್ ಪದರದ ಮೇಲೆ ಅದು ತೇಲ್ತಾ ಇರ್ತದೆ. ಆ ಆಯಿಲ್ ಕೆಲವೇ ಸೆಕೆಂಡ್ ನಿಂತ್ರೆ ಸಾಕು, ಬೇರಿಂಗ್ ಉಜ್ಜಿ ಹೋಯ್ತು.

ಮೊದ್ಲು, ಹೋಗಿದ್ದು ಟರ್ಬೋನೇ ಹೌದಾ?

ಪಿಕಪ್ ಇಲ್ಲ, ಕರಿ ಹೊಗೆ ಬರ್ತದೆ ಅಂದ ಕೂಡ್ಲೇ ಟರ್ಬೋ ಹೋಯ್ತು ಅಂತ ಹೇಳುವವರನ್ನು ನಂಬ್ಬೇಡಿ. ಟರ್ಬೋಯಿಂದ ಇಂಟರ್‌ಕೂಲರಿಗೆ (ಒತ್ತಿದ ಗಾಳಿಯನ್ನು ತಣ್ಣಗೆ ಮಾಡುವ ಭಾಗ), ಅಲ್ಲಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ಸೀಳಿದ್ರೂ ಇದೇ ಲಕ್ಷಣ. ಒತ್ತಿದ ಗಾಳಿ ದಾರಿಯಲ್ಲೇ ಸೋರಿ ಹೋಗ್ತದೆ, ಆಕ್ಸಿಲರೇಟರ್ ಒತ್ತಿದಾಗ ಬುಸ್ ಅಂತ ಸದ್ದು ಬರ್ತದೆ. ಹೋಸನ್ನು ಕೈಯಲ್ಲಿ ಹಿಂಡಿ, ಅಡಿ ಭಾಗವನ್ನು ಟಾರ್ಚ್ ಹಾಕಿ ನೋಡಿ, ಸೀಳು ಹೆಚ್ಚಾಗಿ ಅಡಿಯಲ್ಲೇ ಅಡಗಿರ್ತದೆ. ನಮ್ಮ ಊರಲ್ಲಿ ಇನ್ನೊಂದು ಉಂಟು, ಇಲಿ. ತೋಟದ ಬದಿಯಲ್ಲಿ, ತೆಂಗಿನಕಾಯಿ ರಾಶಿಯ ಪಕ್ಕದಲ್ಲಿ ಗಾಡಿ ನಿಲ್ಸಿದ್ರೆ ಮಳೆಗಾಲದಲ್ಲಿ ಬೆಚ್ಚಗೆ ಇರ್ತದೆ ಅಂತ ಬಾನೆಟ್ ಒಳಗೆ ಬಂದು ಕೂತು ಆಕ್ಚುಯೇಟರಿಗೆ (ಟರ್ಬೋದ ಒತ್ತಡ ಹೆಚ್ಚು ಕಮ್ಮಿ ಮಾಡುವ ಭಾಗ) ಹೋಗುವ ಪೆನ್ಸಿಲ್ ದಪ್ಪದ ವ್ಯಾಕ್ಯೂಮ್ ಪೈಪನ್ನು ಕಡೀತದೆ. ಅದು ಕಟ್ಟಾದ್ರೆ ಎಷ್ಟೋ ಗಾಡಿಗಳಲ್ಲಿ ಟರ್ಬೋ ಕೆಲಸವೇ ಮಾಡುದಿಲ್ಲ. ಒಂದು ಅಡಿ ಪೈಪಿನ ಕೆಲಸಕ್ಕೆ ಟರ್ಬೋ ಬದಲಿಸಿದವರನ್ನು ನಾನು ಕಂಡಿದ್ದೇನೆ.

ಹೊಗೆ ನೀಲಿ ಬಣ್ಣದ್ದಾ, ಆಯಿಲ್ ಲೆವೆಲ್ ಇಳೀತಾ ಉಂಟಾ, ಸೈರನ್ ಹಾಗೆ ಕೂಗ್ತದಾ? ಹಾಗಾದ್ರೆ ಟರ್ಬೋ ಮೇಲೆ ಸಂಶಯ ಪಡ್ಲಿಕ್ಕೆ ಕಾರಣ ಉಂಟು. ಇಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಗಾಳಿ ಬರುವ ಬದಿಯ ಹೋಸ್ ಬಿಚ್ಚಿ, ಚಕ್ರದ ನಡುವಿನ ನಟ್ಟನ್ನು ಎರಡು ಬೆರಳಲ್ಲಿ ಹಿಡೀರಿ. ಮೇಲೆ ಕೆಳಗೆ ಒಂಚೂರು ಅಲ್ಲಾಡ್ತದೆ, ಅದಕ್ಕೆ ಹೆದರ್ಬೇಡಿ, ಆಯಿಲ್ ಕೂರ್ಲಿಕ್ಕೆ ಬಿಟ್ಟ ಜಾಗ ಅದು. ಹಾಗೆ ಅಲ್ಲಾಡುವಾಗ ಬ್ಲೇಡ್ ಗೋಡೆಗೆ ತಾಗ್ಬಾರ್ದು. ಈಗ ಮುಂದೆ ಹಿಂದೆ ಎಳೆದು ನೋಡಿ, ಈ ಕಡೆಗೆ ಕೈಗೆ ಗೊತ್ತಾಗುವಷ್ಟು ಆಟ ಇದ್ರೆ ಟರ್ಬೋ ಮುಗೀತು ಅಂತ ಲೆಕ್ಕ. ಹೋಸ್ ಒಳಗೆ ಎಣ್ಣೆ ಪಸೆ ಕಂಡ ಮಾತ್ರಕ್ಕೆ ಗಾಬರಿ ಬೇಡ, ಇಂಜಿನ್ ಉಸಿರಾಡುವ ಪೈಪಿಂದ ಅಷ್ಟು ಬರ್ತದೆ.

ಯಾಕೆ ಸತ್ತಿತು: ಇಲ್ಲಿ ಅವಸರ ಮಾಡ್ಬೇಡಿ

ಬಿಚ್ಚಿದ ಹಳೇ ಟರ್ಬೋವನ್ನು ಕೂಡ್ಲೇ ಗುಜರಿಗೆ ಹಾಕ್ಬೇಡಿ, ಯಾಕೆ ಹೋಯ್ತು ಅಂತ ಅದರ ಮೈ ಮೇಲೇ ಬರೆದಿರ್ತದೆ. ಗಾಳಿ ಬದಿಯ ಬ್ಲೇಡ್ ತುದಿ ಮಡಚಿದ್ರೆ, ಚೂರು ಹಾರಿದ್ರೆ ಹೊರಗಿಂದ ಏನೋ ಒಳಗೆ ಹೋಗಿದೆ, ಏರ್ ಫಿಲ್ಟರ್ ಬಾಕ್ಸ್ ಬಿಚ್ಚಿ ನೋಡಿ, ಒಮ್ಮೆ ಕ್ಲಿಪ್ಪಿನ ತುಂಡು ಸಿಕ್ಕಿತ್ತು ನನಗೆ. ಬ್ಲೇಡ್ ತುದಿ ಮರಳು ಕಾಗದದಲ್ಲಿ ಉಜ್ಜಿದ ಹಾಗೆ ಸವೆದಿದ್ರೆ ಧೂಳು, ಅಂದ್ರೆ ಫಿಲ್ಟರ್ ಸರಿಯಾಗಿ ಕೂತಿಲ್ಲ ಅಥವಾ ಫಿಲ್ಟರೇ ಚೀಪ್ ಮಾಲು. ಹೊಗೆ ಬದಿಯ ಚಕ್ರ ಪೆಟ್ಟು ತಿಂದಿದ್ರೆ ಇಂಜಿನ್ ಒಳಗಿಂದಲೇ ಏನೋ ಹಾರಿ ಬಂದಿದೆ, ಆಗ ಟರ್ಬೋ ಮಾತು ಆಮೇಲೆ, ಮೊದ್ಲು ಇಂಜಿನ್ ನೋಡ್ಬೇಕು. ಶಾಫ್ಟ್ ಸುಟ್ಟು ನೀಲಿ ಬಣ್ಣಕ್ಕೆ ತಿರುಗಿದ್ರೆ ಆಯಿಲ್ ಸಿಕ್ಕಿಲ್ಲ. ಶಾಫ್ಟಿನ ಮೇಲೆ ಸುತ್ತ ಗೀರು ಗೀರು ಇದ್ರೆ ಆಯಿಲ್ ಸಿಕ್ಕಿದೆ, ಅದರಲ್ಲಿ ಕಸ ಇತ್ತು.

ನನ್ನ ಹತ್ರ ಬರುವ ಕೇಸಲ್ಲಿ ಜಾಸ್ತಿ ಈ ಕೊನೆಯ ಎರಡೇ. ಹಾಗಾಗಿ ಆಯಿಲ್ ದಾರಿಯನ್ನು ಬಂದ ಕಡೆಯಿಂದ ಹೋಗುವ ಕಡೆವರೆಗೆ ಹಿಡ್ಕೊಂಡು ಹೋಗ್ಬೇಕು. ಶುರು ಆಯಿಲ್ ಪ್ಯಾನಿಂದ, ಅಂದ್ರೆ ಇಂಜಿನ್ ಅಡಿಯ ಆಯಿಲ್ ತೊಟ್ಟಿಯಿಂದ. ಹೌದು, ಪ್ಯಾನ್ ಇಳಿಸ್ಲೇಬೇಕು, ಎರಡು ಗಂಟೆ ಜಾಸ್ತಿ ಕೆಲಸ ಅಂತ ಎಲ್ಲರೂ ತಪ್ಪಿಸ್ತಾರೆ. ಪ್ಯಾನ್ ಒಳಗೆ ಪಂಪಿಗೆ ಆಯಿಲ್ ಎಳೆಯುವ ಜಾಲರಿ ಉಂಟಲ್ಲ, ಅದು ಬಸಳೆ ಪಲ್ಯ ತಳ ಹಿಡಿದ ಬಾಣಲೆಯ ಹಾಗೆ ಕಟ್ಟಿಕೊಂಡಿದ್ರೆ ನೀವು ಎಷ್ಟು ಒಳ್ಳೇ ಟರ್ಬೋ ತಂದ್ರೂ ಒಂದೇ. ಆಮೇಲೆ ಟರ್ಬೋಗೆ ಹೋಗುವ ಸಣ್ಣ ಪೈಪ್. ಇದನ್ನು ಕ್ಲೀನ್ ಮಾಡಿ ಹಾಕ್ಬೇಡಿ, ಹೊಸತೇ ಹಾಕಿ. ಹೊಗೆ ಬದಿಯ ಬಿಸಿಗೆ ಪೈಪಿನೊಳಗೆ ಆಯಿಲ್ ಸುಟ್ಟು ಕಲ್ಲಾಗಿರ್ತದೆ, ಡೀಸೆಲ್ ಹಾಕಿ ತೊಳೆದ್ರೆ ಅರ್ಧ ಬರ್ತದೆ, ಉಳಿದ ಅರ್ಧ ನಾಲ್ಕು ದಿನ ಬಿಟ್ಟು ಸಡಿಲ ಆಗಿ ಹೊಸ ಬೇರಿಂಗಿಗೇ ಹೋಗ್ತದೆ. ಪೈಪಿನ ತುದಿಯಲ್ಲಿ ನಡುವೆ ತೂತು ಇರುವ ಬೋಲ್ಟ್ ಬರ್ತದೆ, ಬ್ಯಾಂಜೋ ಬೋಲ್ಟ್ ಅಂತೇವೆ, ಕೆಲವು ಇಂಜಿನ್ನಲ್ಲಿ ಅದರೊಳಗೆ ಬೆರಳ ಉಗುರಿನಷ್ಟು ಜಾಲರಿ ಫಿಲ್ಟರ್ ಕೂಡ ಇರ್ತದೆ. ಅದು ಇರುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬೋಲ್ಟನ್ನು ಬೆಳಕಿಗೆ ಹಿಡಿದು ತೂತಿನಿಂದ ಆಚೆ ಕಾಣ್ತದಾ ನೋಡಿ.

ಇನ್ನು ವಾಪಸ್ ಪೈಪ್. ಟರ್ಬೋಯಿಂದ ಆಯಿಲ್ ಕೆಳಗೆ ಇಳಿದು ಬರುದು ತನ್ನ ಭಾರಕ್ಕೇ, ಅದನ್ನು ಎಳೆಯುವ ಪಂಪ್ ಎಂತದೂ ಇಲ್ಲ. ಪೈಪ್ ಮಡಚಿದ್ರೆ, ಒಳಗೆ ಕಟ್ಟಿಕೊಂಡಿದ್ರೆ, ಅಥವಾ ಇಂಜಿನ್ ಉಸಿರಾಡುವ ಬ್ರೀದರ್ ಬ್ಲಾಕ್ ಆಗಿ ಒಳಗೆ ಪ್ರೆಶರ್ ಜಾಸ್ತಿ ಆದ್ರೆ ಆಯಿಲ್ ಇಳಿಯುದಿಲ್ಲ, ಟರ್ಬೋದಲ್ಲೇ ತುಂಬಿ ಸೀಲ್ ದಾಟಿ ಸೋರ್ತದೆ. ಆಗ ಗ್ರಾಹಕರಿಗೆ "ಸೀಲ್ ಹೋಗಿದೆ, ಟರ್ಬೋ ಹಾಕಿ" ಅಂತ ಹೇಳ್ತಾರೆ, ಹೊಸದೂ ಅದೇ ದಿನ ಸೋರ್ತದೆ.

ಈ ಹಂತದಲ್ಲಿ ಇನ್ನೊಂದು ಮಾತು, ದಯವಿಟ್ಟು ಟರ್ಬೋದ ಆಯಿಲ್ ಜಾಯಿಂಟಿಗೆ ಟ್ಯೂಬಿನಲ್ಲಿ ಬರುವ ಸಿಲಿಕಾನ್ ಪೇಸ್ಟ್ ಹಚ್ಬೇಡಿ. ಗ್ಯಾಸ್ಕೆಟ್ (ಜಾಯಿಂಟಿನ ನಡುವೆ ಕೂರುವ ತೆಳು ಹಾಳೆ) ಸಿಗ್ಲಿಲ್ಲ ಅಂತ ಇದನ್ನು ಹಚ್ತಾರೆ, ಬೋಲ್ಟ್ ಟೈಟ್ ಮಾಡುವಾಗ ಅದು ಒಳಗೂ ಹಿಂಡಿ ಬರ್ತದೆ, ಶ್ಯಾವಿಗೆಯ ಹಾಗೆ ತುಂಡಾಗಿ ಆಯಿಲ್ ತೂತಿಗೆ ಸಿಕ್ಕಿಕೊಳ್ತದೆ. ಗ್ಯಾಸ್ಕೆಟ್ ಬರುವವರೆಗೆ ಗಾಡಿ ಒಂದು ದಿನ ನಿಲ್ಲಲಿ.

ಯಾವ ಪೀಸ್ ತಗೊಳ್ಳುದು

ಟರ್ಬೋ ಮೈ ಮೇಲೆ ಒಂದು ಸಣ್ಣ ಪ್ಲೇಟ್ ಇರ್ತದೆ, ಅದರ ನಂಬರ್ ಫೋಟೋ ತೆಗೆದು ಅದನ್ನೇ ಅಂಗಡಿಗೆ ಕೊಡಿ. ಗಾಡಿಯ ಹೆಸರು ಹೇಳಿ ತರಿಸ್ಬೇಡಿ. ಫಿಯೆಟ್ಟಿನ 1.3 ಲೀಟರ್ ಡೀಸೆಲ್ ಇಂಜಿನ್ ನೋಡಿ, ಮಾರುತಿಯಲ್ಲೂ ಬರ್ತಿತ್ತು, ಟಾಟಾದಲ್ಲೂ ಬರ್ತಿತ್ತು, 75 ಹಾರ್ಸ್‌ಪವರಿನದ್ದಕ್ಕೆ ಸಾದಾ ಟರ್ಬೋ, 90 ಹಾರ್ಸ್‌ಪವರಿನದ್ದಕ್ಕೆ ಒಳಗೆ ರೆಕ್ಕೆ ತಿರುಗುವ ವೇರಿಯೇಬಲ್ ಟರ್ಬೋ. ಇಂಜಿನ್ ಒಂದೇ ಅಂತ ಅದನ್ನು ಇದಕ್ಕೆ ಹಾಕ್ಲಿಕ್ಕೆ ಆಗುದಿಲ್ಲ.

ಬಜೆಟ್ ಇದ್ರೆ ಹೊಸ ಒರಿಜಿನಲ್, ಅದರಲ್ಲಿ ಮಾತಿಲ್ಲ. ಗ್ಯಾರೆಟ್, ಬೋರ್ಗ್‌ವಾರ್ನರ್, ಮಿತ್ಸುಬಿಷಿ, ಐಎಚ್‌ಐ, ನಿಮ್ಮ ಗಾಡಿಗೆ ಯಾರದ್ದು ಬಂದಿದೆಯೋ ಅದೇ. ಬಜೆಟ್ ಕಮ್ಮಿ, ಮತ್ತೆ ಶಂಖದ ಆಕಾರದ ಎರಡು ಹೊರ ಕವಚ ಚೆನ್ನಾಗಿದ್ರೆ ನಡುವಿನ ಕೋರ್ ಮಾತ್ರ ಬದಲಿಸ್ಬಹುದು, ಅಂದ್ರೆ ಶಾಫ್ಟ್, ಎರಡು ಚಕ್ರ, ಬೇರಿಂಗ್ ಸೇರಿದ ಭಾಗ. ನಾನು ಸಾದಾ ಟರ್ಬೋಗೆ ಇದನ್ನೇ ಹೇಳುದು. ಆದ್ರೆ ಕೋರ್ ಬ್ಯಾಲೆನ್ಸಿಂಗ್ ಮಾಡಿದ ರಿಪೋರ್ಟ್ ಜೊತೆಗೆ ಬರ್ಬೇಕು, ರಿಪೋರ್ಟ್ ಇಲ್ಲ ಅಂದ್ರೆ ಎದ್ದು ಬನ್ನಿ. ಲಕ್ಷ ಸುತ್ತು ತಿರುಗುವ ಚಕ್ರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ರೂ ಅದು ಕೂಗ್ಲಿಕ್ಕೆ ಶುರು ಮಾಡ್ತದೆ. ವೇರಿಯೇಬಲ್ ಟರ್ಬೋಗೆ ಕೋರ್ ಮಾತ್ರ ಹಾಕಿ ಕೈ ತೊಳ್ಕೊಳ್ಳುದು ಬೇಡ, ರೆಕ್ಕೆಗಳಿಗೆ ಮಸಿ ಹಿಡಿದಿರ್ತದೆ, ಮತ್ತೆ ಅದರ ಸೆಟ್ಟಿಂಗ್ ಮೆಷಿನ್ನಲ್ಲಿ ಆಗ್ಬೇಕು. ಪಕ್ಕದಲ್ಲಿ ಕಾಣುವ ಸಣ್ಣ ಸ್ಕ್ರೂ ತಿರುಗಿಸಿ "ಪಿಕಪ್ ಕೊಡ್ತೇನೆ" ಅನ್ನುವವರಿಗೆ ಗಾಡಿ ಮುಟ್ಲಿಕ್ಕೇ ಬಿಡ್ಬೇಡಿ.

ಗುಜರಿಯಿಂದ ತಂದ ಪೀಸ್ ಬೇಡವೇ ಬೇಡ. ಹೆಸರು ನಂಬರ್ ಇಲ್ಲದ ಬಿಳಿ ಡಬ್ಬಿಯ ಪೀಸೂ ಬೇಡ.

ಹುಡುಗ್ರು ಇನ್ನೊಂದು ಕೇಳ್ತಾರೆ, ಟರ್ಬೋ ಇಲ್ಲದ ಗಾಡಿಗೆ ಕಿಟ್ ತಂದು ಹಾಕ್ಬಹುದಾ ಅಣ್ಣಾ ಅಂತ. ಅಮೆರಿಕ ಕೆನಡಾದಲ್ಲಿ ಹಿಮದ ಬೆಟ್ಟ ಹತ್ತುವ ಸ್ನೋಮೊಬೈಲಿಗೆ ಹಾಗೆ ಹಾಕ್ತಾರೆ, ವಿಡಿಯೋ ನೋಡಿ ಬಂದಿರ್ತಾರೆ. ಅಲ್ಲಿ ಅದಕ್ಕೆ ಕಾರಣ ಉಂಟು, ಪ್ರತಿ ನೂರು ಮೀಟರ್ ಏರಿದ ಹಾಗೆ ಗಾಳಿ ಸುಮಾರು ಶೇ 1ರಷ್ಟು ತೆಳು ಆಗ್ತದೆ, ಅವರು ಓಡಿಸುದು ಎರಡು ಮೂರು ಸಾವಿರ ಮೀಟರ್ ಎತ್ತರದಲ್ಲಿ, ಇಂಜಿನ್ ಉಸಿರಿಗೇ ಒದ್ದಾಡ್ತದೆ. 1918ರಲ್ಲಿ ಸ್ಯಾನ್‌ಫರ್ಡ್ ಮಾಸ್ ಅನ್ನುವ ಇಂಜಿನಿಯರ್ ವಿಮಾನದ ಇಂಜಿನ್ನನ್ನು ಲಾರಿಯಲ್ಲಿ ಹೇರಿಕೊಂಡು ಕೊಲರಾಡೋದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ, ಅಂದ್ರೆ 14,000 ಅಡಿ ಮೇಲೆ ತಗೊಂಡು ಹೋಗಿ ಟರ್ಬೋ ಹಾಕಿ ತೋರಿಸಿದ್ದೂ ಇದೇ ಕಾರಣಕ್ಕೆ. ನಮ್ಮ ಮಲ್ಪೆ, ಮಂಗಳೂರು ಸಮುದ್ರದ ಮಟ್ಟದಲ್ಲಿ ಉಂಟು, ಆಗುಂಬೆಗೆ ಹತ್ತಿದ್ರೂ ಸುಮಾರು 650 ಮೀಟರ್. ಮತ್ತೆ ಟರ್ಬೋಗೆ ಅಂತ ಮಾಡದ ಇಂಜಿನ್ನಿನ ಪಿಸ್ಟನ್, ಹೆಡ್ ಗ್ಯಾಸ್ಕೆಟ್ ಆ ಒತ್ತಡ ತಡೆಯುದಿಲ್ಲ. ಕಾನೂನೂ ಬಿಡುದಿಲ್ಲ, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಕಂಪೆನಿ ಕೊಟ್ಟ ಸ್ಪೆಸಿಫಿಕೇಶನ್ ಬದಲಿಸುವ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿದೆ. ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸಿಗೆ ಒದ್ದಾಡ್ಬೇಕು. ಬೇಡ ತಮ್ಮ, ಆ ದುಡ್ಡಿಗೆ ಒಳ್ಳೇ ಟಯರ್ ಹಾಕ್ಸು.

ಕೂರ್ಸುವಾಗ

ಇಂಟರ್‌ಕೂಲರ್ ಬಿಚ್ಚಿ ಅದರಲ್ಲಿ ನಿಂತ ಆಯಿಲ್ ಬಗ್ಗಿಸಿ ತೆಗೀಲೇಬೇಕು. ಮಾಸ್ಟ್ರ ಗಾಡಿಯಿಂದ ಎರಡು ಲೋಟ ಬಂತು. ಡೀಸೆಲ್ ಇಂಜಿನ್ನಿಗೆ ಈ ಆಯಿಲೂ ಇಂಧನವೇ, ಅದನ್ನು ಎಳ್ಕೊಂಡು ಇಂಜಿನ್ ತಾನೇ ರೇಸ್ ಆಗ್ತದೆ, ಕೀ ತೆಗೆದ್ರೂ ನಿಲ್ಲುದಿಲ್ಲ. ಹಾಗೆ ಆಗಿ ಹೋದ್ರೆ ಗೇರ್ ಗಾಡಿಯಲ್ಲಿ ಟಾಪ್ ಗೇರಿಗೆ ಹಾಕಿ, ಬ್ರೇಕ್ ಗಟ್ಟಿ ಒತ್ತಿ ಕ್ಲಚ್ ಬಿಡಿ, ಇಂಜಿನ್ ಬಂದ್ ಬೀಳ್ತದೆ.

ಹೊಸ ಆಯಿಲ್, ಹೊಸ ಫಿಲ್ಟರ್, ಗ್ರೇಡ್ ಗಾಡಿಯ ಪುಸ್ತಕದಲ್ಲಿ ಇದ್ದದ್ದೇ. ಟರ್ಬೋದ ಆಯಿಲ್ ತೂತಿಗೆ ಹೊಸ ಆಯಿಲ್ ಹೊಯ್ದು ಚಕ್ರವನ್ನು ಬೆರಳಲ್ಲಿ ನಾಲ್ಕು ಸುತ್ತು ತಿರುಗಿಸಿ, ಆಮೇಲೆ ಪೈಪ್ ಕೂರ್ಸಿ. ಡೀಸೆಲ್ ಪಂಪಿನ ಫ್ಯೂಸ್ ಅಥವಾ ಇಂಜೆಕ್ಟರ್ ಕನೆಕ್ಟರ್ ತೆಗೆದು, ಇಂಜಿನ್ ಹಿಡಿಯದ ಹಾಗೆ ಹತ್ತು ಸೆಕೆಂಡಿನ ಹಾಗೆ ಮೂರು ಸಲ ಸೆಲ್ಫ್ ಹೊಡೀರಿ. ವಾಪಸ್ ಪೈಪನ್ನು ಜಾಯಿಂಟ್ ಮಾಡುವ ಮೊದ್ಲು ಅದರಡಿ ಒಂದು ಡಬ್ಬ ಹಿಡಿದು ಆಯಿಲ್ ಇಳೀತದಾ ಅಂತ ಕಣ್ಣಾರೆ ನೋಡ್ತೇನೆ ನಾನು, ಇಳಿಯದೆ ಇಂಜಿನ್ ಸ್ಟಾರ್ಟ್ ಮಾಡುದಿಲ್ಲ. ಸ್ಟಾರ್ಟ್ ಆದ ಮೇಲೆ ಐದು ನಿಮಿಷ ಹಾಗೇ ಬಿಡಿ, ರೇಸ್ ಕೊಡ್ಬೇಡಿ. "ಪಿಕಪ್ ನೋಡುವ" ಅಂತ ಮೊದಲ ನಿಮಿಷದಲ್ಲೇ ಒತ್ತುವವರು ತುಂಬ ಜನ ಇದ್ದಾರೆ.

ಮೊದಲ ಆಯಿಲನ್ನು ಸಾವಿರ ಕಿಲೋಮೀಟರಿಗೆ ತೆಗೆದುಬಿಡಿ, ಒಳಗೆ ಉಳಿದ ಕರಿ ಅದರಲ್ಲಿ ಬರ್ತದೆ. ಆಮೇಲೆ ಕಂಪೆನಿ 10,000 ಅಂದ್ರೆ ನೀವು 7,500ಕ್ಕೆ ಮಾಡ್ಸಿ. ಮತ್ತೆ ಸೋಮೇಶ್ವರದಿಂದ ಆಗುಂಬೆಯ ಹದಿನಾಲ್ಕು ತಿರುವು ಎರಡನೇ ಗೇರಲ್ಲಿ ಹತ್ತಿ ಮೇಲೆ ಸೂರ್ಯಾಸ್ತ ನೋಡುವ ಜಾಗದಲ್ಲಿ ನಿಲ್ಸಿದ ಕೂಡ್ಲೇ ಕೀ ತೆಗೀಬೇಡಿ, ಆಗ ಟರ್ಬೋ ಕೆಂಡದ ಹಾಗೆ ಇರ್ತದೆ, ಇಂಜಿನ್ ನಿಂತ್ರೆ ಆಯಿಲೂ ನಿಲ್ತದೆ, ಪೈಪಲ್ಲಿ ಇದ್ದದ್ದು ಅಲ್ಲೇ ಸುಟ್ಟು ಆ ಕರಿ ಕಲ್ಲಾಗ್ತದೆ. ಮಕ್ಕಳು ಇಳಿದು ಕ್ಯಾಮರಾ ತೆಗೆಯುವವರೆಗೆ, ಒಂದೆರಡು ನಿಮಿಷ, ಇಂಜಿನ್ ಆನ್ ಇರ್ಲಿ.