ಅಂಗಡಿಯ ಹೆಸರಲ್ಲಿ ಬಂದ ಇ-ಮೇಲ್: ವಿಳಾಸವನ್ನು ಕೊನೆಯಿಂದ ಓದಿ

‘ನಿಮ್ಮ ಆರ್ಡರ್ ತಡೆಹಿಡಿಯಲಾಗಿದೆ. 24 ಗಂಟೆಯೊಳಗೆ ಕಾರ್ಡ್ ವಿವರ ಕೊಡಿ.’ ಮೇಲೆ ಅಮೆಜಾನ್ ಲೋಗೊ, ಕೆಳಗೆ ಹಳದಿ ಬಟನ್. ದಸರಾ, ದೀಪಾವಳಿ ಸೇಲ್ ಹೊತ್ತಿನಲ್ಲಿ ಮನೆಯಲ್ಲಿ ಯಾರಾದರೂ ಏನಾದರೊಂದು ತರಿಸಿಯೇ ಇರುತ್ತಾರೆ. ಅದಕ್ಕೇ ಇಂಥ ಮೇಲ್ ನಿಜ ಅನಿಸಿಬಿಡುತ್ತದೆ.

ಲೋಗೊ, ಬಣ್ಣವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಕಾಗುಣಿತದ ತಪ್ಪು ಹುಡುಕಿ ಎಂಬ ಹಳೇ ಸಲಹೆಯನ್ನೂ ನಾನೀಗ ಜಾಸ್ತಿ ನಂಬುವುದಿಲ್ಲ. ಎಐ ಬಂದ ಮೇಲೆ ಮೋಸಗಾರರ ಭಾಷೆಯೂ ಚೊಕ್ಕವಾಗಿದೆ. ನೋಡಬೇಕಾದದ್ದು ವಿಳಾಸ.

ಮೊದಲು ಕಳಿಸಿದವರದ್ದು. ಫೋನಿನಲ್ಲಿ ಸಾಮಾನ್ಯವಾಗಿ ಹೆಸರಷ್ಟೇ ಕಾಣುತ್ತದೆ. ಆ ಜಾಗದಲ್ಲಿ ಏನು ಬೇಕಾದರೂ ಬರೆದುಕೊಳ್ಳಬಹುದು. ಜಿಮೇಲ್‌ ಆಪ್‌ನಲ್ಲಿ ಹೆಸರಿನ ಕೆಳಗಿನ ಪುಟ್ಟ ಬಾಣದ ಗುರುತು ಒತ್ತಿ, @ ಚಿಹ್ನೆಯ ನಂತರ ಏನಿದೆ ನೋಡಿ. ಇಂಗ್ಲಿಷಿನ ಆರ್ ಮತ್ತು ಎನ್ ಅಕ್ಷರ ಪಕ್ಕಪಕ್ಕ ಬಂದರೆ ಎಮ್ ಥರವೇ ಕಾಣುತ್ತದೆ, ಹುಷಾರು.

ಆಮೇಲೆ ಬಟನ್. ಒತ್ತಬೇಡಿ. ಬೆರಳನ್ನು ಅದರ ಮೇಲೆ ಸ್ವಲ್ಪ ಹೊತ್ತು ಹಾಗೇ ಹಿಡಿದರೆ ಲಿಂಕ್‌ ಕಾಣುತ್ತದೆ. ಕಂಪ್ಯೂಟರ್‌ನಲ್ಲಾದರೆ ಮೌಸ್ ತಂದಿಟ್ಟರೆ ಸಾಕು. ಉದಾಹರಣೆಗೆ ‘ಅಮೆಜಾನ್ ಡಾಟ್ ಇನ್ ಡಾಟ್ ರೀಫಂಡ್‌ಹೆಲ್ಪ್ ಡಾಟ್ ಟಾಪ್’ ಅಂತ ಇದೆ ಎಂದುಕೊಳ್ಳಿ. ಶುರುವಿನ ಅಮೆಜಾನ್ ನೋಡಿ ನಾವು ಮೋಸ ಹೋಗುತ್ತೇವೆ. ಲಕೋಟೆಯ ಮೇಲಿನ ವಿಳಾಸವನ್ನು ನೆನಪಿಸಿಕೊಳ್ಳಿ. ಮನೆಗೆ ‘ಮೈಸೂರು ನಿಲಯ’ ಅಂತ ಹೆಸರಿದ್ದ ಮಾತ್ರಕ್ಕೆ ಮನೆ ಮೈಸೂರಿನಲ್ಲೇ ಇರಬೇಕೆಂದಿಲ್ಲ, ಅಲ್ವಾ? ಊರಿನ ಹೆಸರು ಕೊನೆಗೆ ಬರುತ್ತದೆ. ಲಿಂಕ್‌ನಲ್ಲೂ ಹಾಗೆಯೇ. ಶುರುವಿನ ಎರಡು ಓರೆಗೆರೆ (//) ಬಿಟ್ಟು, ಆಮೇಲೆ ಬರುವ ಮೊದಲ ಒಂಟಿ ಓರೆಗೆರೆಯ (/) ತನಕ, ಅದಿಲ್ಲದಿದ್ದರೆ ಕೊನೆಯ ತನಕ ಹೋಗಿ. ಅಲ್ಲಿಂದ ಹಿಂದಕ್ಕೆ ಓದಿ. ಸಿಗುವುದು ‘ರೀಫಂಡ್‌ಹೆಲ್ಪ್ ಡಾಟ್ ಟಾಪ್’. ಆ ಲಿಂಕ್ ಕರೆದೊಯ್ಯುವ ನಿಜವಾದ ಊರು ಅದು. ಪಕ್ಕದಲ್ಲಿ ಬೀಗದ ಚಿತ್ರ ಇದ್ದರೂ ನಂಬಬೇಡಿ. ಕಳ್ಳ ಸೈಟಿಗೂ ಆ ಬೀಗ ಸಿಗುತ್ತದೆ.

ಇಷ್ಟೆಲ್ಲ ನೋಡಿದರೂ ಅನುಮಾನ ಉಳಿಯಿತೇ? ಮೇಲ್ ಮುಚ್ಚಿ, ಅಂಗಡಿಯ ಆಪ್ ಅನ್ನು ನೀವೇ ತೆರೆಯಿರಿ. ಆರ್ಡರ್‌ಗೆ ತೊಂದರೆ ಇದ್ದರೆ ಅಲ್ಲೇ ಕಾಣಬೇಕು. ಅಮೆಜಾನ್ ಖಾತೆಯಲ್ಲಂತೂ ಮೆಸೇಜ್ ಸೆಂಟರ್ ಅಂತಲೇ ಇದೆ. ಮೇಲ್‌ನಲ್ಲಿ ಕೊಟ್ಟ ಕಸ್ಟಮರ್ ಕೇರ್ ನಂಬರಿಗೆ ಸುಮ್ನೆ ವಿಚಾರಿಸಲೂ ಫೋನ್ ಮಾಡಬೇಡಿ. ರೀಫಂಡ್ ಪಡೆಯಲು ಯುಪಿಐ ಪಿನ್ ಹಾಕಿ ಎಂದರೆ ಅದು ಖಂಡಿತ ಮೋಸ. ದುಡ್ಡು ಪಡೆಯಲು ಪಿನ್ ಬೇಕಿಲ್ಲ.

ಈಗಾಗಲೇ ವಿವರ ಕೊಟ್ಟುಬಿಟ್ಟಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಬ್ಯಾಂಕಿಗೆ ಹೇಳಿ ಕಾರ್ಡ್ ಬ್ಲಾಕ್ ಮಾಡಿಸಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಜಾಸ್ತಿ. ಪಾಸ್‌ವರ್ಡ್ ಕೊಟ್ಟಿದ್ದರೆ ಬದಲಿಸಿ, ಅದೇ ಪಾಸ್‌ವರ್ಡ್ ಬೇರೆ ಕಡೆ ಇದ್ದರೆ ಅಲ್ಲೂ ಬದಲಿಸಿ. ಆ ಮೇಲ್ ಅನ್ನು ಮಾತ್ರ ಅಳಿಸಬೇಡಿ, ದೂರು ಕೊಡುವಾಗ ಬೇಕಾಗುತ್ತದೆ.