3072 ಪಟ್ಟು ಗುಣಿಸಿದರೂ ಗದ್ದಲವಿಲ್ಲ

"ಸದ್ದನ್ನಲ್ಲ, ಗದ್ದಲವನ್ನು ಗುಣಿಸುವ ಯಂತ್ರ ಕಟ್ಟುತ್ತಿದ್ದೀಯ" ಎಂದು, ನಾನು ಎಫ್‌ಎಂ (ಸದ್ದಿಗೆ ತಕ್ಕಂತೆ ರೇಡಿಯೋ ಅಲೆಯ ಆವರ್ತನ ಬದಲಿಸುವ ವಿಧಾನ) ಟ್ರಾನ್ಸ್‌ಮಿಟರ್ ಕಟ್ಟಲು ಹೊರಟಾಗ ಗೆಳೆಯರು ನಕ್ಕಿದ್ದರು. ಅವರ ಲೆಕ್ಕ ತಪ್ಪಲ್ಲ. ಅಮೆರಿಕದ ಎಂಜಿನಿಯರ್ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಅವರ ವಿಧಾನದಲ್ಲಿ ಸಣ್ಣ ವಿಚಲನೆಯನ್ನು (ಆವರ್ತನ ಅತ್ತಿತ್ತ ಸರಿಯುವ ಪ್ರಮಾಣ) ಗುಣಿಸಿ ಗುಣಿಸಿ ದೊಡ್ಡದು ಮಾಡಬೇಕು. ಮೂಲ ಆವರ್ತನ ಹುಟ್ಟಿಸುವ 200 ಕಿಲೋಹರ್ಟ್ಸ್ ಕ್ರಿಸ್ಟಲ್ ಹಂತದಲ್ಲಿ ನನಗೆ ಸಿಗುವ ವಿಚಲನೆ ಬರೀ 25 ಹರ್ಟ್ಸ್. ಮೊದಲು 64 ಪಟ್ಟು, ಮಿಕ್ಸರ್‌ನಲ್ಲಿ (ಇನ್ನೊಂದು ಆವರ್ತನದ ಜೊತೆ ಬೆರೆಸುವ ಹಂತ) ಕ್ಯಾರಿಯರ್‌ನ, ಅಂದರೆ ಸದ್ದನ್ನು ಹೊರುವ ಅಲೆಯ, ಆವರ್ತನವನ್ನಷ್ಟೇ ಕೆಳಗಿಳಿಸಿ ಮತ್ತೆ 48 ಪಟ್ಟು, ಒಟ್ಟು 3072 ಪಟ್ಟು ಗುಣಿಸಿದರೆ ವಿಚಲನೆ ಬೇಕಾದ 75 ಕಿಲೋಹರ್ಟ್ಸ್ ದಾಟುತ್ತದೆ. ಮೊದಲ ಹಂತದ ಫೇಸ್ ಗದ್ದಲವೂ (ಅಲೆಯ ಲಯದಲ್ಲಿನ ಸಣ್ಣ ನಡುಕ) ಜೊತೆಯಲ್ಲೇ ಸುಮಾರು 70 ಡೆಸಿಬೆಲ್ ಏರುತ್ತದೆ.

ಈ ನಗೆ ಹಳೆಯದು. 1922ರಲ್ಲೇ ಅಮೆರಿಕದ ಎಂಜಿನಿಯರ್ ಜಾನ್ ಕಾರ್ಸನ್ ಗಣಿತ ಮುಂದಿಟ್ಟು ಎಫ್‌ಎಂನಿಂದ ಲಾಭವಿಲ್ಲ ಎಂದು ಬರೆದಿದ್ದರು. ಬ್ಯಾಂಡ್ (ಪ್ರಸಾರ ಆಕ್ರಮಿಸುವ ಆವರ್ತನಗಳ ಹರವು) ಕಿರಿದಾಗಿಸುವ ಆಸೆಗೆ ಅದು ಸರಿಯಾದ ಉತ್ತರವೇ. ಆರ್ಮ್‌ಸ್ಟ್ರಾಂಗ್ ಬ್ಯಾಂಡನ್ನು ಅಗಲಿಸಿದರು. 1933ರ ಕೊನೆಯಲ್ಲಿ ಪೇಟೆಂಟ್, 1935ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರದರ್ಶನ.

ನನ್ನ ಮೊದಲ ಎರಡು ಬೋರ್ಡ್‌ಗಳು ಕಸದ ಬುಟ್ಟಿ ಸೇರಿದವು. ಗುಂಯ್‌ಗುಡುವ ಹಮ್ ಹೋಗಲೆಂದು ರೆಗ್ಯುಲೇಟರ್, ಕೆಪಾಸಿಟರ್, ಲೋಹದ ಪೆಟ್ಟಿಗೆ ಎಂದು ಸುರಿದ ಹಣದಲ್ಲಿ ಒಳ್ಳೆಯ ರಿಸೀವರ್ ಕೊಳ್ಳಬಹುದಿತ್ತು. ಕೊನೆಗೆ ಕ್ರಿಸ್ಟಲ್ ಹಂತಕ್ಕೆ ಮಾತ್ರ ಬ್ಯಾಟರಿ ಕೊಟ್ಟೆ, ಹಮ್ ಮಾಯ. ಬುಸುಗುಟ್ಟುವ ಸದ್ದು ಉಳಿಯಿತು. ಮೂರು ವಾರ ಕ್ರಿಸ್ಟಲನ್ನೇ ದೂರಿದೆ. ತಪ್ಪಿತಸ್ಥ ಮಿಕ್ಸರ್‌ನ 10.9 ಮೆಗಾಹರ್ಟ್ಸ್ ಆಸಿಲೇಟರ್, ಅಂದರೆ ಅಲ್ಲಿ ಬೆರೆಸುವ ಆವರ್ತನವನ್ನು ಹುಟ್ಟಿಸುವ ಸರ್ಕ್ಯೂಟ್. ಅದರ ಗದ್ದಲವೂ 48 ಪಟ್ಟು ಗುಣಿಸುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ! ಆವರ್ತನವನ್ನು ಇಮ್ಮಡಿಸುವ ಡಬ್ಲರ್‌ಗಳ ಕಾಯಿಲ್‌ಗಳನ್ನು ಯಾವ ಕ್ರಮದಲ್ಲಿ ಟ್ಯೂನ್ ಮಾಡಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಆರು ತಿಂಗಳು ತೆತ್ತಿದ್ದೇನೆ.

ಆಂಟೆನಾ ಇಲ್ಲ, ಎಲ್ಲವೂ ಅದರ ಬದಲು ಶಕ್ತಿಯನ್ನು ನುಂಗುವ ಡಮ್ಮಿ ಲೋಡ್‌ಗೆ. ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಮೂಲಕ, ಅಷ್ಟೇ ಬಲದ ಕ್ಯಾರಿಯರ್ ಇರುವ ಎಎಂ (ಅಲೆಯ ಎತ್ತರ ಬದಲಿಸುವ ವಿಧಾನ) ಜೊತೆ ಹೋಲಿಸಿದೆ. ವಿಚಲನಾ ಅನುಪಾತ (ವಿಚಲನೆಯನ್ನು ಅತಿ ಹೆಚ್ಚಿನ ಸ್ವರದ ಆವರ್ತನದಿಂದ ಭಾಗಿಸಿದ್ದು) 5 ಇದ್ದರೆ ಲೆಕ್ಕದ ಪ್ರಕಾರ ಗದ್ದಲದೆದುರು ಎಫ್‌ಎಂಗೆ ಹತ್ತಿರಹತ್ತಿರ 19 ಡೆಸಿಬೆಲ್ ಲಾಭ. ನನಗೆ ದೊರೆತದ್ದು 16 ಅಥವಾ 17. ಹೆಚ್ಚಿನ ಸ್ವರಗಳನ್ನು ತಗ್ಗಿಸಿ ಗದ್ದಲ ಇಳಿಸುವ ಡೀ-ಎಂಫಸಿಸ್ ಸೇರಿಸಿರಲಿಲ್ಲ. ಪಕ್ಕದಲ್ಲೇ ಡ್ರಿಲ್ ಯಂತ್ರ ಓಡಿಸಿದಾಗ ಎಎಂ ಕಿವಿಗಡಚಿಕ್ಕಿತು, ಎಫ್‌ಎಂನಲ್ಲಿ ಅಲ್ಲೊಂದು ಇಲ್ಲೊಂದು ಟಪ್. ಕುತೂಹಲಕ್ಕೆ, ಅಲೆಯ ಎತ್ತರದ ಏರಿಳಿತ ಕತ್ತರಿಸುವ ಲಿಮಿಟರ್ ತೆಗೆದು ನೋಡಿದೆ: ಡ್ರಿಲ್ ಒಳಗೇ ಬಂದು ಕುಳಿತಿತು.

ಸಿಗ್ನಲ್ ಕುಗ್ಗಿಸುತ್ತ ಹೋದರೆ, ಕ್ಯಾರಿಯರ್ ಗದ್ದಲಕ್ಕಿಂತ ಸುಮಾರು 10 ಡೆಸಿಬೆಲ್ ಮೇಲಿರುವಲ್ಲಿ ಪಟಪಟ ಶುರುವಾಗಿ ಎಫ್‌ಎಂ ಕುಸಿಯುತ್ತದೆ. ಅಲ್ಲಿ ಎಎಂನಲ್ಲಿ ಇನ್ನೂ ಮಾತು ಕೇಳಿಸುತ್ತದೆ, ಒಪ್ಪುತ್ತೇನೆ.

ಬಾಕಿ ಉಳಿದದ್ದು ತಗ್ಗು ಸ್ವರ. 50 ಹರ್ಟ್ಸ್ ಸ್ವರಕ್ಕೆ ಕ್ರಿಸ್ಟಲ್ ಹಂತದಲ್ಲೇ ಫೇಸ್ ಅರ್ಧ ರೇಡಿಯನ್ ಓಲಾಡುವುದರಿಂದ ಸ್ವರ ಒಡೆಯುತ್ತದೆ. ವಿಚಲನೆಯನ್ನು ಅರ್ಧಕ್ಕಿಳಿಸಿದರೆ ಇನ್ನೊಂದು ಡಬ್ಲರ್ ಬೇಕು. ಗೆಳೆಯರು ಮತ್ತೆ ನಗುತ್ತಿದ್ದಾರೆ; ಕಾಯಿಲ್ ಸುತ್ತಿಟ್ಟಿದ್ದೇನೆ.