ಬಾಟಲಿ ಆಮೇಲೆ, ಮೊದಲು ಬಣ್ಣ ನೋಡಿ

ಕಾರಿನ ಬಣ್ಣ ಮಂಕಾಯಿತು ಅಂದ ಕೂಡಲೇ ಹೆಚ್ಚಿನವರು ಮೊಬೈಲ್ ತೆಗೆದು ಐದು ಬಾಟಲಿಯ ಕಿಟ್ ಒಂದನ್ನು ಆರ್ಡರ್ ಮಾಡಿಬಿಡುತ್ತಾರೆ. ಮೂರು ಬಾಟಲಿ ಮುಚ್ಚಳ ತೆರೆಯದೆ ಮೂಲೆ ಸೇರುತ್ತವೆ. ಪರಿಚಯದವರೊಬ್ಬರು ಕಪ್ಪು ಕಾರಿನ ಬಾನೆಟ್‌ಗೆ ಒರಟು ರಬ್ಬಿಂಗ್ ಕಾಂಪೌಂಡ್ ಸುರಿದು ಹಳೇ ಬನಿಯನ್‌ನಲ್ಲಿ ತಿಕ್ಕಿದರು. ಬಾನೆಟ್ ಮಂಜು ಹಿಡಿದ ಗಾಜಿನಂತಾಯಿತು.

ಮೊದಲ ಹೆಜ್ಜೆ: ತೊಳೆದು ಒರೆಸಿ. ಪ್ಲಾಸ್ಟಿಕ್ ಕವರ್ ಒಳಗೆ ಕೈ ತೂರಿಸಿ ಬಣ್ಣದ ಮೇಲೆ ಮೆಲ್ಲಗೆ ಸವರಿ ನೋಡಿ. ಮರಳು ಮರಳಾಗಿ ಸಿಕ್ಕರೆ ಕೊಳ್ಳುವ ಪಟ್ಟಿಯಲ್ಲಿ ಕ್ಲೇ ಬಾರ್ ಬರೆದುಕೊಳ್ಳಿ, ಅಂಟಿದ ಕೊಳೆಯನ್ನು ಎಳೆದು ತೆಗೆಯುವ ಜೇಡಿಮಣ್ಣಿನಂಥ ಮುದ್ದೆ ಅದು.

ಎರಡನೆಯದು, ಗೀರು ಯಾವ ಜಾತಿಯದೆಂದು ಗುರುತಿಸುವುದು. ನೆರಳಲ್ಲಿ ಟಾರ್ಚ್ ಓರೆಯಾಗಿ ಹಿಡಿಯಿರಿ. ಬೆಳಕಿನ ಸುತ್ತ ಜೇಡರ ಬಲೆಯಂತೆ ಕಂಡರೆ ಅದು ಪಾಲಿಶ್‌ಗೆ ಹೋಗುತ್ತದೆ. ಉಗುರು ಆಡಿಸಿದಾಗ ತಡೆದರೆ ಹೋಗುವುದಿಲ್ಲ. ಹೋಗಿಸಲು ಹಟ ಹಿಡಿಯಬೇಡಿ. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40-50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ. ಅದು ಬಿಳಿ ಸಿಪ್ಪೆಯಾಗಿ ಏಳುತ್ತಿದ್ದರೆ ಯಾವ ಬಾಟಲಿಯೂ ಬೇಡ, ಪೇಂಟರ್ ಹತ್ತಿರ ಹೋಗಿ. ಮ್ಯಾಟ್ ಬಣ್ಣದ ಗಾಡಿಯಾದರೆ ಈ ಲೇಖನವನ್ನೇ ಮರೆತುಬಿಡಿ.

ಮೂರನೆಯದು ಲೇಬಲ್. ಕಾಂಪೌಂಡ್ ಜಾಸ್ತಿ ಸವೆಸುತ್ತದೆ, ಪಾಲಿಶ್ ಕಡಿಮೆ ಸವೆಸಿ ಹೊಳಪು ತರುತ್ತದೆ, ವ್ಯಾಕ್ಸ್ ಏನನ್ನೂ ಸವೆಸದೆ ಮೇಲೆ ಕೂರುತ್ತದೆ. ಆದರೆ ಪಾಲಿಶ್ ಎಂದು ಬರೆದದ್ದೆಲ್ಲ ಪಾಲಿಶ್ ಅಲ್ಲ. ‘ಒಂದೇ ಸಲಕ್ಕೆ ಹೊಸದರಂತೆ’ ಎನ್ನುವ ಅಗ್ಗದ ಬಾಟಲಿಗಳಲ್ಲಿ ಅನೇಕವು ಗೀರಿಗೆ ಎಣ್ಣೆ ತುಂಬಿ ಮುಚ್ಚಿಡುತ್ತವೆ, ನಾಲ್ಕು ಸಲ ತೊಳೆದರೆ ಗೀರು ಹಾಜರ್. ಎಷ್ಟು ಸವೆಸುತ್ತದೆಂದು ಹೇಳುವ ‘ಕಟ್’ ಅಂಕಿಯನ್ನೂ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಲಿಸಬೇಡಿ, ಅಳತೆಗೋಲು ಅವರವರದೇ. ಪಾಲಿಶ್ ಉಜ್ಜುವ ಪ್ಯಾಡ್‌ಗಳ ಬಣ್ಣದ ಕಥೆಯೂ ಅಷ್ಟೆ. ಗೀರಿಗೆ ಟೂತ್‌ಪೇಸ್ಟ್ ತಿಕ್ಕಬೇಡಿ, ಅದು ಹಲ್ಲಿಗಿರಲಿ.

ಮೊದಲ ಆರ್ಡರ್ ಚಿಕ್ಕದಿರಲಿ: 250 ಮಿ.ಲೀ. ಮಧ್ಯಮ ಪಾಲಿಶ್ ಒಂದು, ಪಾಲಿಶಿಂಗ್ ಫೋಮ್ ಪ್ಯಾಡ್ ನಾಲ್ಕು, ಹೆಚ್ಚು ಸವೆಸುವ ಕಟಿಂಗ್ ಪ್ಯಾಡ್ ಒಂದು, ಮೈಕ್ರೋಫೈಬರ್ ಬಟ್ಟೆ ಆರು, ಐಸೋಪ್ರೊಪೈಲ್ ಆಲ್ಕೋಹಾಲ್. ಮೆಷಿನ್ ಕೊಳ್ಳುವುದಾದರೆ ಡ್ಯುಯಲ್ ಆಕ್ಷನ್, ಅಂದರೆ ಪ್ಯಾಡ್ ತಿರುಗುತ್ತಲೇ ಅಲುಗುವ ಬಗೆಯದು ಮಾತ್ರ. ಸುಮ್ಮನೆ ಗಿರಗಿರ ತಿರುಗುವ ರೋಟರಿ ಒಂದೇ ಕಡೆ ಬಿಸಿ ಏರಿಸಿ, ಕೈ ಪಳಗದವರ ಬಣ್ಣ ಸುಡುತ್ತದೆ. ಪ್ಯಾಡ್ ಅಂಟಿಸುವ ತಟ್ಟೆ, ಬ್ಯಾಕಿಂಗ್ ಪ್ಲೇಟ್, ಪ್ಯಾಡ್‌ಗಿಂತ ತುಸು ಚಿಕ್ಕದಿರಬೇಕು, ಇಲ್ಲದಿದ್ದರೆ ಅದರ ಅಂಚೇ ಬಣ್ಣಕ್ಕೆ ಬಡಿಯುತ್ತದೆ. ಕಾಂಪೌಂಡ್ ಈಗಲೇ ಬೇಡ.

ಎಲ್ಲರೂ ಹಾರಿಸುವ ಹೆಜ್ಜೆ ಇನ್ನು ಬರುತ್ತದೆ, ಪರೀಕ್ಷೆಯ ಚೌಕ. ಬಾನೆಟ್ ತಣ್ಣಗಿರುವಾಗ, ನೆರಳಲ್ಲಿ, ಒಂದೂವರೆ ಅಡಿ ಚೌಕಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ. ಅಂಚು, ಮಡಿಕೆಗಳಿಂದ ದೂರವಿರಿ. ಅಲ್ಲಿ ಬಣ್ಣ ಬೇಗ ಸವೆಯುತ್ತದೆ. ಬಾಟಲಿ ಚೆನ್ನಾಗಿ ಕುಲುಕಿ, ಸವೆಸುವ ಪುಡಿ ತಳದಲ್ಲಿ ಕೂತಿರುತ್ತದೆ. ಪ್ಯಾಡ್ ಮೇಲೆ ಬಟಾಣಿ ಗಾತ್ರದ ನಾಲ್ಕು ಹನಿ ಸಾಕು. ಮೆಷಿನ್ ಆನ್ ಮಾಡುವ ಮೊದಲೇ ಪ್ಯಾಡನ್ನು ಬಣ್ಣಕ್ಕೆ ತಾಗಿಸಿ, ಇಲ್ಲವಾದರೆ ಪಾಲಿಶ್ ನಿಮ್ಮ ಅಂಗಿಗೆ. ನಿಧಾನ ವೇಗದಲ್ಲಿ ಹರಡಿ, ಆಮೇಲೆ ವೇಗ ಏರಿಸಿ, ಸೆಕೆಂಡಿಗೆ ಸುಮಾರು ಒಂದು ಇಂಚಿನಂತೆ ಅಡ್ಡ ಎರಡು ಸಲ, ಉದ್ದ ಎರಡು ಸಲ. ಪ್ರತಿ ಸಾಲು ಹಿಂದಿನದರ ಅರ್ಧ ಮುಚ್ಚಲಿ. ಒತ್ತಬೇಡಿ, ಒತ್ತಿದರೆ ಪ್ಯಾಡ್ ತಿರುಗುವುದೇ ನಿಲ್ಲುತ್ತದೆ.

ಒರೆಸಿ, ನೀರು ಬೆರೆಸಿದ ಆಲ್ಕೋಹಾಲ್‌ನಿಂದ ಮತ್ತೊಮ್ಮೆ ಒರೆಸಿ. ಎಣ್ಣೆ ಹೋದ ಮೇಲೆ ಉಳಿದದ್ದೇ ನಿಜವಾದ ಫಲಿತಾಂಶ. ಟಾರ್ಚ್ ಹಿಡಿಯಿರಿ. ಮುಕ್ಕಾಲು ಪಾಲು ಹೋಗಿದ್ದರೆ ಅಲ್ಲಿಗೇ ನಿಲ್ಲಿಸಿ. ಇಡೀ ಗಾಡಿಗೆ ಅದೇ ಪಾಲಿಶ್-ಪ್ಯಾಡ್ ಜೋಡಿ. ಹೋಗಿರದಿದ್ದರೆ ಪಾಲಿಶ್ ಅದೇ ಇರಲಿ, ಪ್ಯಾಡ್ ಮಾತ್ರ ಕಟಿಂಗ್‌ಗೆ ಬದಲಿಸಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಕಾಂಪೌಂಡ್ ಆರ್ಡರ್ ಮಾಡಿ. ಕಟಿಂಗ್ ಪ್ಯಾಡೇ ಗೆದ್ದರೆ ಅಂಥವೇ ಇನ್ನೂ ಮೂರು ತರಿಸಿಕೊಳ್ಳಿ. ಒಂದೇ ಪ್ಯಾಡಿನಲ್ಲಿ ಇಡೀ ಗಾಡಿ ಮುಗಿಸಲು ಹೊರಟರೆ, ಸವೆದ ಬಣ್ಣ ಪ್ಯಾಡ್ ತುಂಬಿ ಅದೇ ಹೊಸ ಗೀರು ಎಳೆಯುತ್ತದೆ.

ಕೊನೆಗೆ ವ್ಯಾಕ್ಸ್, ಯಾವುದಾದರೂ ಸರಿ. ನಾನಂತೂ ಪೇಸ್ಟ್ ವ್ಯಾಕ್ಸ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಮೈಕ್ರೋಫೈಬರ್ ಬಟ್ಟೆಯ ಮೂಲೆಗೆ ಹೊಲಿದ ಲೇಬಲ್ ಇದ್ದರೆ ಮೊದಲೇ ಕತ್ತರಿಸಿ ಬಿಸಾಡಿ, ಅದೂ ಗೀರುತ್ತದೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಚಕ್ರ ಒರೆಸಲು ಇಟ್ಟುಕೊಳ್ಳಿ.